ಗುರುತಿಲ್ಲದ ಊರಿನಲ್ಲಿ ಒಬ್ಬರೇ: ಬ್ಯಾಂಕಾಕ್, ಜಾರ್ಜ್‌ಟೌನ್, ಹನೋಯ್‌ಗೆ ಹೊರಟವರಿಗೊಂದು ಮಾರ್ಗದರ್ಶಿ

ಆಗ್ನೇಯ ಏಷ್ಯಾದ ನಗರಗಳಿಗೆ ಒಬ್ಬರೇ ಹೋಗಿಬರಬೇಕೆಂದು ಯೋಚಿಸುವವರು ಮೊದಲು ಕೇಳುವ ಪ್ರಶ್ನೆ ‘ಅಲ್ಲಿ ಏನೇನು ನೋಡಬೇಕು’ ಎಂಬುದು. ಅದಕ್ಕೆ ಉತ್ತರ ಎಲ್ಲೆಂದರಲ್ಲಿ ಸಿಗುತ್ತದೆ. ಸಿಗದಿರುವುದು ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬ ವಿವರ. ಜೊತೆಯಲ್ಲಿ ಇನ್ನೊಬ್ಬರಿದ್ದರೆ ಅವರು ಸಾಮಾನು ಕಾಯುತ್ತಾರೆ, ನೀವು ಟಿಕೆಟ್ ತರುತ್ತೀರಿ. ಒಬ್ಬರೇ ಇದ್ದಾಗ ಶೌಚಾಲಯಕ್ಕೆ ಹೋಗುವಾಗಲೂ ಚೀಲ ಹೆಗಲ ಮೇಲೇ ಇರಬೇಕಾಗುತ್ತದೆ. ಹಾಗಾಗಿ ಒಂಟಿ ಪ್ರಯಾಣದಲ್ಲಿ ಧೈರ್ಯಕ್ಕಿಂತ ಕ್ರಮ ಹೆಚ್ಚು ಕೆಲಸಕ್ಕೆ ಬರುತ್ತದೆ. ನನ್ನ ಸಲಹೆಯ ತಿರುಳು ಇಷ್ಟೇ: ಹೊಸ ಊರಿನಲ್ಲಿ ಮೊದಲ ದಿನ ದೂರ ಹೋಗಬೇಡಿ. ಉಳಿದುಕೊಂಡ ಜಾಗದ ಸುತ್ತಲಿನ ಒಂದು ಕಿಲೋಮೀಟರ್ ಅಷ್ಟನ್ನು ಮೊದಲು ಚೆನ್ನಾಗಿ ಗುರುತು ಮಾಡಿಕೊಂಡು, ಅಲ್ಲಿಂದ ಒಂದೊಂದೇ ದಾರಿ ಹಿಡಿದು ಹೊರಗೆ ಹೋಗಿ.

ಉದಾಹರಣೆಗೆ ಥಾಯ್ಲೆಂಡಿನ ಬ್ಯಾಂಕಾಕ್, ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿರುವ ಜಾರ್ಜ್‌ಟೌನ್ ಮತ್ತು ವಿಯೆಟ್ನಾಂನ ರಾಜಧಾನಿ ಹನೋಯ್, ಈ ಮೂರು ಊರುಗಳನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಮೊದಲನೆಯದು ದೈತ್ಯ ನಗರ, ಎರಡನೆಯದರ ಹಳೆಯ ಪೇಟೆ ಕಾಲ್ನಡಿಗೆಯಲ್ಲಿ ಮುಗಿಯುವಷ್ಟು ಪುಟ್ಟದು, ಮೂರನೆಯದರ ಹಳೆಯ ಭಾಗದಲ್ಲಿ ಕಾಲಿಡಲು ಜಾಗವೇ ಇರುವುದಿಲ್ಲ. ಒಬ್ಬರೇ ವಿದೇಶಕ್ಕೆ ಹೋಗುವುದು ಇದೇ ಮೊದಲಾದರೆ ಜಾರ್ಜ್‌ಟೌನ್‌ನಿಂದ ಆರಂಭಿಸುವುದು ಲೇಸು. ಇಂಗ್ಲಿಷ್ ನಡೆಯುತ್ತದೆ, ತಮಿಳು ಬಲ್ಲವರಿಗೆ ಇನ್ನೂ ಸುಲಭ.

1. ಕಾಲವನ್ನು ಗೊತ್ತುಮಾಡಿಕೊಳ್ಳಿ

ಬ್ಯಾಂಕಾಕ್‌ನಲ್ಲಿ ಏಪ್ರಿಲ್ ತಿಂಗಳು ಅತ್ಯಂತ ಬಿಸಿ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಳೆ. ಏಪ್ರಿಲ್ 13ರಿಂದ 15ರವರೆಗೆ ನಡೆಯುವ ಸೋಂಕ್ರಾನ್ ಅಲ್ಲಿನ ಹೊಸವರ್ಷದ ಹಬ್ಬ. ನಮ್ಮ ತುಳುನಾಡಿನ ಬಿಸು ಪರ್ಬವೂ ಅದೇ ಸುಮಾರಿಗೆ ಬರುತ್ತದೆ, ಆದರೆ ಇಲ್ಲಿ ದೇವರ ಮುಂದೆ ಫಲವಸ್ತುಗಳ ಕಣಿ ಇಡುವ ಹೊತ್ತಿಗೆ ಅಲ್ಲಿ ಬೀದಿಬೀದಿಯಲ್ಲಿ ನೀರೆರಚಾಟ ನಡೆದಿರುತ್ತದೆ. ಫೋನು, ಪಾಸ್‌ಪೋರ್ಟ್ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ತಿರುಗುವ ಮನಸ್ಸಿಲ್ಲದವರು ಆ ದಿನಗಳನ್ನು ಬಿಟ್ಟು ಹೋಗಬೇಕು. ಹನೋಯ್‌ನಲ್ಲಿ ನಿಜವಾದ ಚಳಿಗಾಲವಿದೆ. ಡಿಸೆಂಬರ್, ಜನವರಿಯಲ್ಲಿ ಮೋಡ, ತುಂತುರು, 15 ಡಿಗ್ರಿಗಿಂತ ಕೆಳಗಿಳಿಯುವ ತಾಪಮಾನ ಇವೆಲ್ಲ ಸಾಮಾನ್ಯ. ‘ಆಗ್ನೇಯ ಏಷ್ಯಾ ಎಂದರೆ ಸೆಕೆ’ ಎಂದುಕೊಂಡು ಬರಿಯ ಹತ್ತಿ ಅಂಗಿ ತೆಗೆದುಕೊಂಡು ಹೋದವರು ಅಲ್ಲಿ ಇಳಿದ ದಿನವೇ ಜಾಕೆಟ್ ಅಂಗಡಿ ಹುಡುಕುತ್ತಾರೆ. ಚಾಂದ್ರಮಾನ ಹೊಸವರ್ಷವಾದ ತೇತ್ ಹಬ್ಬದ ದಿನಗಳಲ್ಲಿ ಹನೋಯ್‌ನ ಬಹಳಷ್ಟು ಅಂಗಡಿ, ಹೋಟೆಲುಗಳು ಬಾಗಿಲು ಮುಚ್ಚುತ್ತವೆ. ಪೆನಾಂಗ್‌ಗೆ ಋತು ನೋಡಿ ಹೋಗುವ ಅಗತ್ಯ ಅಷ್ಟಾಗಿ ಇಲ್ಲ; ಕೊಡೆ ಮಾತ್ರ ಯಾವಾಗಲೂ ಇರಲಿ.

2. ಕಾಗದಪತ್ರಗಳು

ಹಿಂದಿರುಗುವ ದಿನಕ್ಕಿಂತ ಬಹಳ ಮುಂದಿನವರೆಗೆ, ಕನಿಷ್ಠ ಆರು ತಿಂಗಳಾದರೂ, ಪಾಸ್‌ಪೋರ್ಟ್ ಅವಧಿ ಉಳಿದಿರಬೇಕು. ಭಾರತೀಯರಿಗೆ ಥಾಯ್ಲೆಂಡ್ 2023ರ ನವೆಂಬರ್‌ನಿಂದಲೂ ಮಲೇಷ್ಯಾ ಅದೇ ವರ್ಷದ ಡಿಸೆಂಬರ್‌ನಿಂದಲೂ ವೀಸಾ ವಿನಾಯಿತಿ ಕೊಟ್ಟವು. ವಿಯೆಟ್ನಾಂಗೆ ಇ-ವೀಸಾ ಬೇಕು. ಒಂದು ಸಲದ ಪ್ರವೇಶಕ್ಕೆ 25 ಅಮೆರಿಕನ್ ಡಾಲರ್ ಶುಲ್ಕ. ಇಂಥ ವಿನಾಯಿತಿಗಳ ಅವಧಿ, ದಿನಗಳ ಮಿತಿ ಆಗಾಗ ಬದಲಾಗುವುದರಿಂದ ಟಿಕೆಟ್ ಕಾಯ್ದಿರಿಸುವ ಮುನ್ನ ಆಯಾ ದೇಶದ ಸರ್ಕಾರಿ ಜಾಲತಾಣವನ್ನೇ ನೋಡಬೇಕು. ಹೆಸರಿನಲ್ಲಿ ‘ಅಧಿಕೃತ’ ಎಂಬಂತೆ ತೋರಿಸಿಕೊಂಡು ದುಪ್ಪಟ್ಟು ಹಣ ಕೇಳುವ ಮಧ್ಯವರ್ತಿಗಳ ತಾಣಗಳು ಹುಡುಕಾಟದಲ್ಲಿ ಮೊದಲೇ ಬಂದು ಕೂರುತ್ತವೆ.

ವೀಸಾ ಬೇಡವೆಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಥಾಯ್ಲೆಂಡ್ 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡನ್ನು ಕಡ್ಡಾಯ ಮಾಡಿದೆ. ಮಲೇಷ್ಯಾದಲ್ಲೂ ಅಂಥದೇ ಕಾರ್ಡ್ ಇದೆ. ಎರಡನ್ನೂ ಇಳಿಯುವುದಕ್ಕೆ ಮೂರು ದಿನ ಮುಂಚಿನಿಂದ ತುಂಬಬಹುದು, ಎರಡಕ್ಕೂ ಹಣ ಕೊಡಬೇಕಿಲ್ಲ. ಒಬ್ಬರೇ ಬಂದವರನ್ನು ವಲಸೆ ಅಧಿಕಾರಿಗಳು ಎರಡು ಮಾತು ಹೆಚ್ಚು ಕೇಳುವುದುಂಟು. ವಾಪಸು ಟಿಕೆಟ್, ಉಳಿಯುವ ಜಾಗದ ವಿಳಾಸ, ಸ್ವಲ್ಪ ನಗದು ಇವನ್ನು ಫೋನಿನಲ್ಲಷ್ಟೇ ಅಲ್ಲ, ಕಾಗದದಲ್ಲಿ ಮುದ್ರಿಸಿ ಕೈಯಲ್ಲಿಟ್ಟುಕೊಂಡರೆ ಸಾಲಿನಲ್ಲಿ ನಿಂತು ಫೋನ್ ಚಾರ್ಜ್ ನೋಡಿ ಬೆವರುವುದು ತಪ್ಪುತ್ತದೆ.

3. ಉಳಿಯುವ ಜಾಗ

ಇದರಲ್ಲಿ ಜಿಪುಣತನ ಮಾಡಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ. ಕೋಣೆ ಚಿಕ್ಕದಿರಲಿ, ಆದರೆ ಜಾಗ ಸರಿಯಿರಲಿ. ಬ್ಯಾಂಕಾಕ್‌ನಲ್ಲಿ ‘ಸರಿಯಾದ ಜಾಗ’ ಎಂದರೆ ಬಿಟಿಎಸ್ ಮೇಲ್ಸೇತುವೆ ರೈಲು ಅಥವಾ ಎಂಆರ್‌ಟಿ ಸುರಂಗ ರೈಲಿನ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯೊಳಗಿನದು. ಬೆನ್ನಿಗೆ ಚೀಲ ಹಾಕಿದ ಪ್ರವಾಸಿಗರೆಲ್ಲ ಹೋಗುವ ಖಾವೋಸಾನ್ ರಸ್ತೆಯ ಬಳಿ ರೈಲು ನಿಲ್ದಾಣವಿಲ್ಲ. ರಾತ್ರಿಯ ಗದ್ದಲ ಮಾತ್ರ ಧಾರಾಳವಾಗಿದೆ. ಅದನ್ನು ಒಂದು ಸಂಜೆ ನೋಡಿಬಂದರೆ ಸಾಕು, ಅಲ್ಲಿ ಮಲಗಬೇಕಿಲ್ಲ. ಜಾರ್ಜ್‌ಟೌನ್‌ನಲ್ಲಿ 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಳೆಯ ಪೇಟೆಯೊಳಗೇ ಉಳಿದರೆ ವಾಹನದ ಮಾತೇ ಬರುವುದಿಲ್ಲ. ಹನೋಯ್‌ನಲ್ಲಿ ಹೊವಾನ್ ಕಿಯೆಮ್ ಕೆರೆಯ ಆಸುಪಾಸು ಒಳ್ಳೆಯದು. ಆದರೆ ಬೀದಿಯ ಕಡೆ ಕಿಟಕಿಯಿರುವ ಕೋಣೆ ಬೇಡವೆಂದು ಮೊದಲೇ ಹೇಳಿಬಿಡಿ, ಹಾರ್ನ್ ಸದ್ದು ನಸುಕಿಗೇ ಶುರುವಾಗುತ್ತದೆ.

ಮಹಿಳೆಯರು ಡಾರ್ಮಿಟರಿಯಲ್ಲಿ ಉಳಿಯುವುದಾದರೆ ಮಹಿಳೆಯರಿಗೇ ಮೀಸಲಾದ ಕೋಣೆಗಳು ಮೂರೂ ಊರಿನಲ್ಲಿ ಸಿಗುತ್ತವೆ. ಕೋಣೆಯ ಫೋಟೊಗಳಿಗಿಂತ, ಒಬ್ಬರೇ ಬಂದು ಉಳಿದುಹೋದ ಮಹಿಳೆಯರು ಬರೆದ ವಿಮರ್ಶೆಗಳನ್ನು ಹುಡುಕಿ ಓದುವುದು ಉಪಯುಕ್ತ. ಚಾರ್ಜರ್ ವಿಷಯ: ನಮ್ಮ ಎರಡು ಗುಂಡು ಪಿನ್ನಿನ ಚಾರ್ಜರ್ ಥಾಯ್ಲೆಂಡ್, ವಿಯೆಟ್ನಾಂಗಳಲ್ಲಿ ಹಿಡಿಯುತ್ತದೆ, ಮಲೇಷ್ಯಾದಲ್ಲಿ ಬ್ರಿಟಿಷ್ ಮಾದರಿಯ ಮೂರು ಚಪ್ಪಟೆ ಪಿನ್ನಿನ ಅಡಾಪ್ಟರ್ ಬೇಕು.

4. ಹಣ

ಹಣವನ್ನು ಮೂರು ಕಡೆ ಇಡಿ: ದಿನದ ಖರ್ಚಿನದು ಜೇಬಿನಲ್ಲಿ, ಕಾರ್ಡ್ ಒಂದು ಒಳಚೀಲದಲ್ಲಿ, ಇನ್ನೊಂದು ಕಾರ್ಡ್ ಮತ್ತು ನೂರಿನ್ನೂರು ಡಾಲರ್ ಕೋಣೆಯ ಬೀಗದ ಪೆಟ್ಟಿಗೆಯಲ್ಲಿ. ಥಾಯ್ಲೆಂಡಿನ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲ ಇನ್ನೂರು ಬಾತ್‌ಗೂ ಮಿಕ್ಕಿ ಶುಲ್ಕ ಹಿಡಿಯುವುದರಿಂದ ಚೂರುಚೂರು ತೆಗೆಯುವುದು ನಷ್ಟದ ಕೆಲಸ. ಯಂತ್ರದ ಪರದೆ ‘ನಿಮ್ಮ ದೇಶದ ಕರೆನ್ಸಿಯಲ್ಲೇ ಲೆಕ್ಕ ಹಾಕಲೇ’ ಎಂದು ವಿನಯದಿಂದ ಕೇಳಿದರೆ ಬೇಡವೆನ್ನಿ. ಆ ವಿನಯದಲ್ಲಿ ಕೆಟ್ಟ ವಿನಿಮಯ ದರ ಅಡಗಿರುತ್ತದೆ.

ವಿಯೆಟ್ನಾಂ ನೋಟುಗಳ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಅಲ್ಲಿ ಲಕ್ಷವೆಂಬುದು ಊಟದ ಬೆಲೆ. ಮೂರು ಸೊನ್ನೆ ಬಿಟ್ಟು, ಉಳಿದದ್ದನ್ನು ಸುಮಾರು ಮೂರೂವರೆಯಿಂದ ಗುಣಿಸಿದರೆ ರೂಪಾಯಿ ಲೆಕ್ಕ ಅಂದಾಜಿಗೆ ಸಿಗುತ್ತದೆ. 20,000 ಡಾಂಗ್ ಮತ್ತು 5,00,000 ಡಾಂಗ್ ನೋಟುಗಳೆರಡೂ ನೀಲಿ ಬಣ್ಣದವು. ಎರಡರ ಮೇಲೂ ಹೊ ಚಿ ಮಿನ್ ಅವರ ಚಿತ್ರವೇ ಇರುತ್ತದೆ. ಮಬ್ಬು ಬೆಳಕಿನ ಟ್ಯಾಕ್ಸಿಯಲ್ಲಿ ಒಂದರ ಬದಲು ಇನ್ನೊಂದನ್ನು ಕೊಟ್ಟರೆ ಇಪ್ಪತ್ತೈದು ಪಟ್ಟು ಕೊಟ್ಟಂತೆ. ದೊಡ್ಡ ನೋಟುಗಳನ್ನು ಪರ್ಸಿನ ಬೇರೆ ಅರೆಯಲ್ಲಿಡುವುದು, ಕೊಡುವಾಗ ಮೊತ್ತವನ್ನು ಬಾಯಿಬಿಟ್ಟು ಹೇಳುವುದು, ಈ ಎರಡು ಅಭ್ಯಾಸ ಸಾಕು.

5. ವಿಮಾನ ನಿಲ್ದಾಣದಿಂದ ಕೋಣೆಗೆ

ಬೆಂಗಳೂರಿನಿಂದ ರಾತ್ರಿ ಹೊರಡುವ ವಿಮಾನ ಹಿಡಿದರೆ ನಸುಕಿಗೆ ಇಳಿಯುತ್ತೀರಿ. ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡರ ಮೇಲೆ. ಇದು ಅನನುಕೂಲವೆಂದು ಕೆಲವರು ದೂರುತ್ತಾರೆ, ನನಗೆ ಹಾಗನ್ನಿಸುವುದಿಲ್ಲ. ಗುರುತಿಲ್ಲದ ಊರಿಗೆ ಬೆಳಕಿನಲ್ಲಿ ಕಾಲಿಡುವುದು ಒಂಟಿ ಪಯಣಿಗರಿಗೆ ದೊಡ್ಡ ಅನುಕೂಲ. ಸಾಮಾನನ್ನು ಹೋಟೆಲಿನ ಕೌಂಟರಿನಲ್ಲಿ ಬಿಟ್ಟು ಸುತ್ತಾಡಲು ಯಾರೂ ಬೇಡವೆನ್ನುವುದಿಲ್ಲ.

ಹೊರಗೆ ಬರುವ ಮುನ್ನವೇ ಸಿಮ್ ಹಾಕಿಸಿಕೊಳ್ಳಿ. ಬ್ಯಾಂಕಾಕ್‌ನ ಸುವರ್ಣಭೂಮಿ ನಿಲ್ದಾಣದ ನೆಲಮಾಳಿಗೆಯಿಂದ ಹೊರಡುವ ಏರ್‌ಪೋರ್ಟ್ ರೈಲ್ ಲಿಂಕ್ 45 ಬಾತ್‌ಗೆ, ಸುಮಾರು ಅರ್ಧ ಗಂಟೆಯೊಳಗೆ ಫಯಾ ಥಾಯ್ ನಿಲ್ದಾಣ ಮುಟ್ಟಿಸುತ್ತದೆ; ಅಲ್ಲಿಂದ ಬಿಟಿಎಸ್. ಈ ಎರಡೂ ಬೇರೆ ಬೇರೆ ಸಂಸ್ಥೆಗಳವಾದ್ದರಿಂದ ಮತ್ತೆ ಟಿಕೆಟ್ ಕೊಳ್ಳಬೇಕು. ಹನೋಯ್‌ನ ನೋಯ್ ಬಾಯ್ ನಿಲ್ದಾಣದಿಂದ 86ನೇ ಸಂಖ್ಯೆಯ ಬಸ್ಸು ಹಳೆಯ ಪೇಟೆಯ ಅಂಚಿನಲ್ಲಿ ಹಾದು ರೈಲು ನಿಲ್ದಾಣಕ್ಕೆ ಹೋಗುತ್ತದೆ. ಪೆನಾಂಗ್‌ಗೆ ಕ್ವಾಲಾಲಂಪುರದಿಂದ ರೈಲಿನಲ್ಲಿ ಬರುವುದೇ ಚೆಂದ: ನಾಲ್ಕು ಗಂಟೆಯ ಪ್ರಯಾಣದ ಬಳಿಕ ಬಟರ್‌ವರ್ತ್‌ನಲ್ಲಿ ಇಳಿದು, ದೋಣಿಯಲ್ಲಿ ಕಡಲು ದಾಟಿದರೆ ಊರು ಎದುರಿಗೇ ತೆರೆದುಕೊಳ್ಳುತ್ತದೆ. ರಾತ್ರಿ ಇಳಿದರೆ ಮಾತ್ರ ಈ ಯಾವ ಉಳಿತಾಯವೂ ಬೇಡ, ಗ್ರ್ಯಾಬ್ ಆ್ಯಪ್‌ನಲ್ಲಿ ಕಾರು ಕರೆದು ನೇರ ಕೋಣೆ ಸೇರಿಕೊಳ್ಳಿ.

6. ಮೊದಲ ದಿನದ ಒಂದು ಕಿಲೋಮೀಟರ್

ಮೊದಲ ದಿನ ಹುಡುಕಬೇಕಾದದ್ದು ಸ್ಮಾರಕಗಳನ್ನಲ್ಲ. ಬೆಳಗ್ಗೆ ಬೇಗ ತೆರೆಯುವ ಒಂದು ತಿಂಡಿಯಂಗಡಿ, ಒಂದು ಔಷಧದಂಗಡಿ, ರಾತ್ರಿ ತಡವಾದರೂ ದೀಪವಿರುವ ಒಂದು ದಿನಸಿ ಅಂಗಡಿ, ಹತ್ತಿರದ ನಿಲ್ದಾಣದ ಯಾವ ಬಾಗಿಲು ನಿಮ್ಮ ಓಣಿಯ ಕಡೆ ತೆರೆಯುತ್ತದೆ ಎಂಬುದು, ಇಷ್ಟು ಸಿಕ್ಕರೆ ಆ ದಿನದ ಕೆಲಸ ಆಯಿತು. ಅದೇ ಬೀದಿಯನ್ನು ಬೆಳಗ್ಗೆ ಒಮ್ಮೆ, ದೀಪ ಹತ್ತಿದ ಮೇಲೆ ಒಮ್ಮೆ ನಡೆಯಿರಿ. ಹಗಲು ಕಂಡ ಗುರುತುಗಳು ರಾತ್ರಿ ಕಾಣುವುದಿಲ್ಲ. ತೆರೆದ ಅಂಗಡಿಯ ಬದಲು ಷಟರ್ ಇರುತ್ತದೆ, ಖಾಲಿ ಇದ್ದ ಮೂಲೆಯಲ್ಲಿ ನೂಡಲ್ಸ್ ಗಾಡಿ ನಿಂತಿರುತ್ತದೆ.

ಹನೋಯ್‌ನಲ್ಲಿ ಈ ನಡಿಗೆಗೆ ಒಂದು ವಿದ್ಯೆ ಕಲಿಯಬೇಕಾಗುತ್ತದೆ, ಅದು ರಸ್ತೆ ದಾಟುವುದು. ಫುಟ್‌ಪಾತಿನ ತುಂಬ ಸಾಲುಗಟ್ಟಿ ನಿಲ್ಲಿಸಿದ ಸ್ಕೂಟರುಗಳು, ಉಳಿದ ಜಾಗದಲ್ಲಿ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕೂತು ಚಹಾ ಕುಡಿಯುವ ಜನ. ನಡೆಯುವವರು ರಸ್ತೆಗೇ ಇಳಿಯಬೇಕು. ಸ್ಕೂಟರುಗಳ ನಡುವೆ ಬಿಡುವು ಸಿಗಲಿ ಎಂದು ಕಾದರೆ ಅದು ಸಿಗುವುದೇ ಇಲ್ಲ. ಬಸ್ಸು, ಕಾರುಗಳು ಹಾದುಹೋಗುವವರೆಗೆ ನಿಂತು, ಬರಿಯ ಸ್ಕೂಟರುಗಳಷ್ಟೇ ಇರುವಾಗ ಹೆಜ್ಜೆ ಇಳಿಸಿ, ಒಂದೇ ವೇಗದಲ್ಲಿ, ನಿಧಾನವಾಗಿ, ಸವಾರರಿಗೆ ಕಾಣುವಂತೆ ನಡೆಯುತ್ತಾ ಹೋಗಬೇಕು. ನಿಮ್ಮ ವೇಗವನ್ನು ಲೆಕ್ಕಹಾಕಿ ಅವರು ಮುಂದಿನಿಂದಲೋ ಹಿಂದಿನಿಂದಲೋ ಸರಿದುಹೋಗುತ್ತಾರೆ. ಅಪಾಯವಿರುವುದು ನಡುವೆ ಗಕ್ಕನೆ ನಿಲ್ಲುವುದರಲ್ಲಿ, ಅದಕ್ಕಿಂತ ಹೆಚ್ಚು ಹಿಂದಕ್ಕೆ ಹಾರುವುದರಲ್ಲಿ. ಮೊದಲ ಸಲ ಯಾರಾದರೂ ಅಜ್ಜಿ ದಾಟುವುದನ್ನು ನೋಡಿ ಅವರ ಪಕ್ಕದಲ್ಲೇ ನಡೆದುಬಿಡಿ. ಅಭ್ಯಾಸವಾಗುವವರೆಗೆ ಶುಕ್ರವಾರದ ಸಂಜೆಯಿಂದ ಭಾನುವಾರದ ರಾತ್ರಿಯವರೆಗೆ ವಾಹನ ನಿಷೇಧವಿರುವ ಕೆರೆಯ ಸುತ್ತಲಿನ ರಸ್ತೆಗಳಲ್ಲಿ ತಿರುಗಾಡಬಹುದು.

ಅಲ್ಲಿನ ಹಳೆಯ ಪೇಟೆಯನ್ನು ನಮ್ಮವರು ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಬೆಂಗಳೂರಿನ ಅಕ್ಕಿಪೇಟೆ, ಬಳೆಪೇಟೆ, ಅರಳೆಪೇಟೆಗಳಂತೆ ಹನೋಯ್‌ನ ಬೀದಿಗಳಿಗೂ ಸರಕಿನದೇ ಹೆಸರು: ಹಾಂಗ್ ಬಾಕ್ ಬೆಳ್ಳಿಯ ಬೀದಿ, ಹಾಂಗ್ ಮಾ ಪೂಜೆಗೆ ಸುಡುವ ಕಾಗದದ ಸಾಮಾನಿನ ಬೀದಿ, ಹಾಂಗ್ ಥಿಯೆಕ್ ತಗಡಿನ ಕೆಲಸದವರ ಬೀದಿ. ದಾರಿ ತಪ್ಪಿದರೆ ಫೋನ್ ತೆಗೆಯುವ ಮುನ್ನ ಸುತ್ತ ಯಾವ ಸರಕು ಮಾರುತ್ತಿದ್ದಾರೆಂದು ನೋಡಿ, ಎಲ್ಲಿದ್ದೀರೆಂದು ಕೆಲವೊಮ್ಮೆ ಅದರಿಂದಲೇ ತಿಳಿಯುತ್ತದೆ.

7. ಎರಡನೇ ದಿನ: ಒಂದೇ ದಾರಿ ಹಿಡಿಯಿರಿ

ಒಂದು ರೈಲು ಮಾರ್ಗ ಅಥವಾ ಒಂದು ದೋಣಿ ಮಾರ್ಗವನ್ನು ಆರಿಸಿಕೊಂಡು ಇಡೀ ದಿನ ಅದರಲ್ಲೇ ಹತ್ತಿ ಇಳಿದು ನೋಡಿ. ಬ್ಯಾಂಕಾಕ್‌ನಲ್ಲಿ ಬಹುತೇಕರು ಚಾವೊ ಫ್ರಾಯಾ ನದಿಯ ದೋಣಿ ಹತ್ತುತ್ತಾರೆ. ವಾಟ್ ಅರುಣ್, ವಾಟ್ ಫೊ ದೇವಾಲಯಗಳು, ಅರಮನೆ ಎಲ್ಲವೂ ಅದರ ದಡದಲ್ಲಿಯೇ ಇರುವುದರಿಂದ ಅದು ಸರಿಯಾದ ಆಯ್ಕೆಯೇ. ಆದರೆ ಊರನ್ನು ಊರಿನವರಂತೆ ನೋಡಬೇಕೆಂದರೆ ಸೇನ್ ಸೇಪ್ ಕಾಲುವೆಯ ದೋಣಿಯೇ ಬೇಕು. ಹಳೆಯ ಊರಿನ ಕಡೆಯಿಂದ ಹೊರಟು ಪ್ರತೂನಾಮ್‌ನಲ್ಲಿ ದೋಣಿ ಬದಲಿಸಿ ಪೂರ್ವಕ್ಕೆ ಹೋಗುವ ಈ ಉದ್ದನೆಯ ದೋಣಿಗಳು ಕಟ್ಟೆಯಲ್ಲಿ ನಿಲ್ಲುವುದು ಕೆಲವೇ ಕ್ಷಣ. ಹಗ್ಗ ಹಿಡಿದು ಒಳಗೆ ಧುಮುಕಬೇಕು. ಹೆಲ್ಮೆಟ್ ಹಾಕಿದ ಕಂಡಕ್ಟರ್ ದೋಣಿಯ ಹೊರ ಅಂಚಿನ ಮೇಲೆ ಕಾಲಿಟ್ಟು ನಡೆಯುತ್ತಲೇ ಚೀಟಿ ಹರಿದು ಕೊಡುತ್ತಾರೆ. ಎದುರಿನಿಂದ ಇನ್ನೊಂದು ದೋಣಿ ಬಂದಾಗ ಅಂಚಿನಲ್ಲಿ ಕೂತವರು ಹಗ್ಗ ಜಗ್ಗಿ ಟಾರ್ಪಾಲನ್ನು ಮೇಲಕ್ಕೆಳೆಯಬೇಕು, ಇಲ್ಲದಿದ್ದರೆ ಕಾಲುವೆಯ ನೀರು ಎಲ್ಲರ ಮುಖಕ್ಕೆ. ಆ ಕೆಲಸ ನಿಮ್ಮ ಪಾಲಿಗೆ ಬರುವುದು ಬೇಡವೆಂದರೆ ನಡುವಿನ ಸೀಟು ಹಿಡಿಯಿರಿ. ನೀರಿಗೆ ವಾಸನೆಯಿದೆ, ಮುಚ್ಚಿಡುವುದೇಕೆ; ಆದರೆ ಮಾಲ್‌ಗಳ ಹಿತ್ತಿಲು, ಒಣಹಾಕಿದ ಬಟ್ಟೆ, ಮಸೀದಿಯ ಮೆಟ್ಟಿಲು ಇವೆಲ್ಲ ರೈಲಿನ ಕಿಟಕಿಯಿಂದ ಕಾಣುವಂಥವಲ್ಲ.

ಜಾರ್ಜ್‌ಟೌನ್‌ನಲ್ಲಿ ಹಿಡಿಯಬೇಕಾದ ದಾರಿ ಕಪಿತಾನ್ ಕೆಲಿಂಗ್ ಮಸೀದಿಯ ಹೆಸರಿನ ಬೀದಿ. 1818ರ ಸೇಂಟ್ ಜಾರ್ಜ್ ಚರ್ಚ್, ಊದುಬತ್ತಿಯ ಹೊಗೆ ಮುಸುಕಿದ ಕ್ವಾನ್ ಯಿನ್ ದೇವಾಲಯ, ಬೆನ್ನನ್ನು ಈ ಬೀದಿಗೂ ಮುಖವನ್ನು ಹಿಂದಿನ ಕ್ವೀನ್ ಬೀದಿಗೂ ಮಾಡಿ ನಿಂತ 1833ರ ಶ್ರೀ ಮಹಾಮಾರಿಯಮ್ಮನ್ ಗುಡಿ, ಕೊನೆಗೆ ಮಸೀದಿ, ಎಲ್ಲವೂ ಕೆಲವೇ ನಿಮಿಷದ ನಡಿಗೆಯೊಳಗೆ ಸಿಗುತ್ತವೆ. ಬಿಸಿಲಾದರೆ ಹಳೆಯ ಅಂಗಡಿಮನೆಗಳ ಮುಂದಿನ ಸೂರಿನ ಜಗಲಿಗಳಲ್ಲೇ ನಡೆಯಬಹುದು. ಪೇಟೆಯೊಳಗೆ ಸುತ್ತುವ ಉಚಿತ ಬಸ್ಸೊಂದಿದೆ. ಬೇರೆ ಬಸ್ಸುಗಳಿಗೆ ಸರಿಯಾದ ಚಿಲ್ಲರೆ ಕೈಯಲ್ಲಿರಲಿ.

ಸ್ಕೂಟರ್ ಬಾಡಿಗೆಗೆ ಪಡೆಯುವ ಆಸೆಯನ್ನು ವಿಯೆಟ್ನಾಂನಲ್ಲಿ ಬಿಟ್ಟುಬಿಡಿ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಂ ಮಾನ್ಯ ಮಾಡುವುದು 1968ರ ಒಪ್ಪಂದದ್ದನ್ನು. ಬಾಡಿಗೆ ಅಂಗಡಿಯವರು ಏನನ್ನೂ ಕೇಳದೆ ಕೀಲಿ ಕೊಡುತ್ತಾರೆ. ಅಪಘಾತವಾದಾಗ ವಿಮೆಯವರು ಎಲ್ಲವನ್ನೂ ಕೇಳುತ್ತಾರೆ.

8. ಊಟ, ಅದರಲ್ಲೂ ಸಸ್ಯಾಹಾರಿಗಳದು

‘ಮಾಂಸ ಬೇಡ’ ಎಂದರೆ ಈ ಮೂರೂ ಕಡೆ ಸಾಲದು. ಥಾಯ್ಲೆಂಡ್ ಮತ್ತು ವಿಯೆಟ್ನಾಂಗಳಲ್ಲಿ ಉಪ್ಪಿನ ಜಾಗದಲ್ಲಿ ಮೀನಿನ ಸಾಸ್ ಬೀಳುತ್ತದೆ. ಹನೋಯ್‌ನ ಫೊ ಎಂಬ ನೂಡಲ್ಸ್ ಸಾರು ದನದ ಇಲ್ಲವೇ ಕೋಳಿಯ ಎಲುಬಿನಿಂದ ಕುದಿಸಿದ್ದು. ಪೆನಾಂಗ್‌ನಲ್ಲಿ ಬರಿಯ ಸೊಪ್ಪಿನ ಪಲ್ಯದಂತೆ ಕಾಣುವುದರಲ್ಲೂ ಬೆಲಚಾನ್ ಎಂಬ ಒಣ ಸಿಗಡಿಯ ಗಟ್ಟಿ ಇರಬಹುದು. ಆದ್ದರಿಂದ ಬೇಡದ್ದನ್ನು ಪಟ್ಟಿ ಮಾಡುವುದಕ್ಕಿಂತ ಸಸ್ಯಾಹಾರದ ಅಂಗಡಿಯನ್ನೇ ಹುಡುಕುವುದು ಜಾಣತನ.

ಬ್ಯಾಂಕಾಕ್‌ನಲ್ಲಿ ಹಳದಿ ಬಾವುಟದ ಮೇಲೆ, ದೂರದಿಂದ 17 ಎಂಬ ಅಂಕಿಯಂತೆ ಕಾಣುವ ಕೆಂಪು ಥಾಯ್ ಅಕ್ಷರಗಳನ್ನು ನೋಡಿ. ಅದು ‘ಜೇ’ ಊಟದ ಗುರುತು: ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ, ಬೆಳ್ಳುಳ್ಳಿ, ಈರುಳ್ಳಿ ಕೂಡ ಇರುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ನಮ್ಮ ಮನೆಗಳವರಿಗೆ ಇದಕ್ಕಿಂತ ಅನುಕೂಲ ಬೇರೆಲ್ಲೂ ಇಲ್ಲ. ತಟ್ಟೆಯಲ್ಲಿ ಬಾತುಕೋಳಿಯಂತೆ ಕಾಣುವ ತುಂಡು ಬಂದರೆ ಗಾಬರಿ ಬೇಡ, ಅದು ಸೋಯಾ ಅಥವಾ ಗೋಧಿಯ ಅಂಟಿನಿಂದ ಮಾಡಿದ್ದು. ವಿಯೆಟ್ನಾಂನಲ್ಲಿ ‘ಚಾಯ್’ ಎಂದು ಬೋರ್ಡು ಹಾಕಿದ ಅಂಗಡಿಗಳು ಇದೇ ಬಗೆಯವು. ಚಾಂದ್ರಮಾನ ತಿಂಗಳ ಮೊದಲನೆಯ ಮತ್ತು ಹದಿನೈದನೆಯ ದಿನ ಬೌದ್ಧರಲ್ಲಿ ಅನೇಕರು ಮಾಂಸ ಬಿಡುವುದರಿಂದ ಅಂದು ಅಲ್ಲಿ ಜಾಗ ಸಿಗುವುದೇ ಕಷ್ಟ. ಜಾರ್ಜ್‌ಟೌನ್‌ನಲ್ಲಿ ಲಿಟಲ್ ಇಂಡಿಯಾದ ಬಾಳೆಲೆ ಊಟವಿದೆ. ಹಸಿವಾದಾಗಲೆಲ್ಲ ಅಲ್ಲಿಗೇ ಓಡಿದರೆ ಮಾತ್ರ ಪೆನಾಂಗ್‌ಗೆ ಬಂದದ್ದೇಕೆ ಎಂಬ ಪ್ರಶ್ನೆ ಏಳುತ್ತದೆ.

ಅನುವಾದದ ಆ್ಯಪ್‌ಗೆ ಚಿಕ್ಕ ಚಿಕ್ಕ ವಾಕ್ಯ ಕೊಡಿ, ಒಂದು ವಾಕ್ಯಕ್ಕೆ ಒಂದೇ ವಿಷಯ. ‘ಮೀನಿನ ಸಾಸ್ ಹಾಕಬೇಡಿ’ ಎಂಬ ಅನುವಾದವನ್ನು ಚಿತ್ರವಾಗಿ ಉಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಾಗಲೂ ತೋರಿಸಬಹುದು.

9. ಗುಡಿ, ವಿಹಾರ ಮತ್ತು ಮರ್ಯಾದೆ

ಬ್ಯಾಂಕಾಕ್‌ನ ಅರಮನೆಗೆ 500 ಬಾತ್, 46 ಮೀಟರ್ ಉದ್ದದ ಮಲಗಿದ ಬುದ್ಧನಿರುವ ವಾಟ್ ಫೊಗೆ 300 ಬಾತ್ ಪ್ರವೇಶ ದರವಿದೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಗಂಡಸರಿಗೂ ಕಡ್ಡಾಯ. ಬುದ್ಧನ ಎದುರು ಕೂರುವಾಗ ಪಾದಗಳು ವಿಗ್ರಹದ ಕಡೆ ಚಾಚದಂತೆ ಮಡಿಸಿಕೊಳ್ಳಬೇಕು. ಮಹಿಳೆಯರು ಭಿಕ್ಷುಗಳನ್ನು ಮುಟ್ಟುವಂತಿಲ್ಲ. ಬೆಳಗ್ಗೆ 8 ಮತ್ತು ಸಂಜೆ 6ಕ್ಕೆ ನಿಲ್ದಾಣಗಳಲ್ಲಿ, ಉದ್ಯಾನಗಳಲ್ಲಿ ರಾಷ್ಟ್ರಗೀತೆ ಕೇಳಿಬಂದಾಗ ಎಲ್ಲರೂ ನಿಲ್ಲುತ್ತಾರೆ, ನೀವೂ ನಿಲ್ಲಿ. ಥಾಯ್ಲೆಂಡಿನಲ್ಲಿ ರಾಜಮನೆತನದ ನಿಂದೆ ಜೈಲುಶಿಕ್ಷೆಯ ಅಪರಾಧ. ತಮಾಷೆಗೂ ಆ ಮಾತು ಬೇಡ. ಇ-ಸಿಗರೇಟ್ ಒಯ್ಯುವುದೂ ಅಲ್ಲಿ ಕಾನೂನುಬಾಹಿರ.

10. ಮೋಸ ಮತ್ತು ಎಚ್ಚರ

ಒಬ್ಬರೇ ನಡೆಯುವವರನ್ನು ಮಾತಿಗೆಳೆಯುವವರಲ್ಲಿ ಹೆಚ್ಚಿನವರು ನಿಜವಾಗಿಯೂ ಒಳ್ಳೆಯವರು. ಆದರೆ ಅರಮನೆಯ ಹತ್ತಿರ ಅಚ್ಚುಕಟ್ಟಾಗಿ ಉಡುಪು ಧರಿಸಿದವರೊಬ್ಬರು ‘ಇಂದು ಮುಚ್ಚಿದೆ, ಟುಕ್‌ಟುಕ್‌ನಲ್ಲಿ ಬೇರೆ ದೇವಾಲಯ ತೋರಿಸುತ್ತಾರೆ’ ಎಂದರೆ ಆ ಸವಾರಿ ಮುಗಿಯುವುದು ರತ್ನದ ಅಥವಾ ಸೂಟಿನ ಅಂಗಡಿಯಲ್ಲಿ. ಬಾಗಿಲವರೆಗೆ ನಡೆದು ನೀವೇ ನೋಡಿಕೊಳ್ಳಿ. ಹನೋಯ್‌ನಲ್ಲಿ ಹಣ್ಣಿನ ಅಡ್ಡೆಯನ್ನು ನಿಮ್ಮ ಹೆಗಲ ಮೇಲಿಟ್ಟು ಫೋಟೊ ತೆಗೆಯಿರಿ ಎಂದವರಿಗೆ ನಂತರ ಹಣ ಕೊಡಬೇಕಾಗುತ್ತದೆ. ಜಾರ್ಜ್‌ಟೌನ್‌ನಲ್ಲಿ ಬೈಕಿನವರು ಚೀಲ ಕಿತ್ತುಕೊಂಡು ಹೋಗುವ ಪ್ರಕರಣಗಳಿರುವುದರಿಂದ ಚೀಲವನ್ನು ರಸ್ತೆಯ ಕಡೆಯಲ್ಲದ ಹೆಗಲಿಗೆ ಹಾಕಿಕೊಳ್ಳಬೇಕು.

ಮನೆಯವರಲ್ಲಿ ಒಬ್ಬರಿಗೆ ದಿನಕ್ಕೊಂದು ನಿಗದಿತ ಹೊತ್ತಿಗೆ ಸಂದೇಶ ಕಳುಹಿಸುವ ಒಪ್ಪಂದ ಮಾಡಿಕೊಳ್ಳಿ. ಥಾಯ್ಲೆಂಡ್, ವಿಯೆಟ್ನಾಂ ನಮಗಿಂತ ಒಂದೂವರೆ ಗಂಟೆ, ಮಲೇಷ್ಯಾ ಎರಡೂವರೆ ಗಂಟೆ ಮುಂದಿವೆ ಎಂಬುದನ್ನು ಅವರಿಗೂ ತಿಳಿಸಿ, ಇಲ್ಲವಾದರೆ ನೀವು ನಿದ್ದೆ ಹೋದ ಮೇಲೆ ಅಮ್ಮನ ಫೋನ್ ಬರುತ್ತದೆ. ಥಾಯ್ಲೆಂಡಿನ ಪ್ರವಾಸಿ ಪೊಲೀಸರ ಸಂಖ್ಯೆ 1155, ಮಲೇಷ್ಯಾದ ತುರ್ತು ಸಂಖ್ಯೆ 999, ವಿಯೆಟ್ನಾಂನಲ್ಲಿ ಪೊಲೀಸರಿಗೆ 113, ಆಂಬುಲೆನ್ಸಿಗೆ 115.

11. ಹೊರಡುವ ಹಿಂದಿನ ದಿನ

ಆ ದಿನಕ್ಕೆ ದೊಡ್ಡ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಮೊದಲ ದಿನ ಗುರುತು ಮಾಡಿಕೊಂಡ ತಿಂಡಿಯಂಗಡಿಗೆ ಹೋಗಿ, ನೋಟ್‌ಬುಕ್ಕಿನಲ್ಲಿ ನೋಡಿದ ಜಾಗಗಳ ಹೆಸರಿಗಿಂತ ಬೆಲೆ, ಹೊತ್ತು, ವಾಸನೆ, ಯಾರು ಎಲ್ಲಿ ಕೂರುತ್ತಾರೆ ಎಂಬಂಥವನ್ನು ಬರೆದಿಡಿ; ಜಾಗಗಳ ಹೆಸರು ಆಮೇಲೂ ಸಿಗುತ್ತದೆ, ಇವು ಸಿಗುವುದಿಲ್ಲ. ವಿಮಾನ ನಿಲ್ದಾಣದ ಬಸ್ಸಿಗೋ ರೈಲಿಗೋ ಬೇಕಾದ ಚಿಲ್ಲರೆಯನ್ನು ಬೇರೆ ಎತ್ತಿಟ್ಟು, ಉಳಿದ ನೋಟುಗಳನ್ನು ಊರಿನಲ್ಲೇ ಡಾಲರಿಗೋ ರೂಪಾಯಿಗೋ ಬದಲಿಸಿಕೊಳ್ಳಿ. ಬಾತ್, ರಿಂಗಿಟ್‌ಗಳನ್ನು ಬೆಂಗಳೂರಿನ ವಿನಿಮಯದವರು ಹೇಗೋ ತೆಗೆದುಕೊಳ್ಳುತ್ತಾರೆ, ಡಾಂಗ್ ಕೊಳ್ಳುವವರನ್ನು ಹುಡುಕುವುದು ಕಷ್ಟ.